ಎರಡನೇ ಸಲ ಕೇಳಿದಾಗ

ಆರೋಗ್ಯದ ಬಗ್ಗೆ ಹನ್ನೆರಡು ಪ್ರಶ್ನೆ. ಮಲೆಯಾಳ, ಕನ್ನಡ, ಬ್ಯಾರಿ, ತುಳು ಎಂದು ನಾಲ್ಕು ಫಾರಂ. ಒಬ್ಬರಿಗೇ ಹದಿನೈದು ದಿನ ಬಿಟ್ಟು ಅದನ್ನೇ ಪುನಃ ಕೇಳುವುದು. ಎರಡು ಸಲದ ಉತ್ತರ ತಾಳೆಯಾದರೆ ಆ ಭಾಷೆಯ ಫಾರಂ ಪಾಸು, ಇಲ್ಲದಿದ್ದರೆ ಕಸದಬುಟ್ಟಿಗೆ. ತುಳುವಿನಲ್ಲಿ ಕೇಳುವವಳು ನಾನು, ರಶ್ಮಿತಾ. ಫಾರಂ ಕಸದಬುಟ್ಟಿಗೆ ಹೋದರೆ ಹಿಂದೆಯೇ ನನ್ನ ಕೆಲಸವೂ. ಎರಡು ವರ್ಷ ಮನೆಯಲ್ಲಿ ಕೂತ ಮೇಲೆ ಸಿಕ್ಕಿದ ಕೆಲಸ ಅದು.

ಐವತ್ತು ಮನೆಯಲ್ಲಿ ನಲುವತ್ತೊಂಬತ್ತರ ಉತ್ತರ ಅರ್ಧಂಬರ್ಧ ತಾಳೆಯಾಗಿ ಫಾರಂ ಅಂಚಿನಲ್ಲಿ ನಿಂತಿತ್ತು. ತೀರ್ಮಾನಕ್ಕೆ ಉಳಿದದ್ದು ಮಂಜೇಶ್ವರದ ಸುಂದರಿಯಕ್ಕ, ಬೀಡಿ ಕಟ್ಟುವವರು. ಮೊದಲ ಸಲ ಅವರು ತಲೆಯನ್ನೇ ಎತ್ತದೆ ಹನ್ನೆರಡಕ್ಕೂ "ಇಲ್ಲ" ಎಂದಿದ್ದರು. ನಿದ್ದೆಗೆ ತೊಂದರೆ ಇಲ್ಲ, ನೋವಿಲ್ಲ, ಬೇಜಾರಿಲ್ಲ. ಇಂಥವರ ಉತ್ತರ ಬದಲಾಗುವುದುಂಟೇ ಎಂದು ಖುಷಿಯಿಂದ ಬಸ್ಸು ಹತ್ತಿದ್ದೆ.

ಎರಡನೇ ಸಲ ಅಂಗಳಕ್ಕೆ ಕಾಲಿಟ್ಟದ್ದೇ ತಡ, "ಓ, ನಮ್ಮ ಹುಡುಗಿ!" ಎಂದು ಬೀಡಿ ಎಲೆಯ ಗೆರಸೆ ಬದಿಗಿಟ್ಟು ಚಾ ತಂದರು.

"ನಿದ್ದೆಗೆ ತೊಂದರೆ ಉಂಟಾ ಅಕ್ಕ?"

"ನಿದ್ದೆಯೆಲ್ಲ ನಮ್ಮ ಯಜಮಾನರದ್ದು. ಗೊರಕೆ ಕೇಳುವ ಕೆಲಸ ನನ್ನದು."

"ನೋವು?"

"ಎಲ್ಲಿಂದ ಶುರು ಮಾಡ್ಲಿ? ಕಾಲಿಂದಲಾ, ತಲೆಯಿಂದಲಾ?"

ಬೇಜಾರಿನ ಪ್ರಶ್ನೆಗೆ ತಂಗಿಯ ಮಗಳ ಮದುವೆಯಲ್ಲಿ ತನ್ನನ್ನು ಊಟಕ್ಕೆ ಮೂರನೇ ಪಂಕ್ತಿಗೆ ಕೂರಿಸಿದ ಕಥೆ ಬಂತು. ಆ ಬೇಜಾರಿಗೇ ಬೇರೆ ಫಾರಂ ಬೇಕಿತ್ತು. ನಾನು ಪೆನ್ನು ಕೆಳಗಿಟ್ಟೆ.

"ಅಯ್ಯೋ ಅಕ್ಕ, ಹೋದ ಸಲ ಎಲ್ಲದಕ್ಕೂ ಇಲ್ಲ ಹೇಳಿದ್ದೀರಲ್ಲ!"

"ಆಗ ನೀನು ಯಾರಂತ ನನಗೆ ಗೊತ್ತಿತ್ತಾ? ದಾರಿಯಲ್ಲಿ ಹೋಗುವವರಿಗೆಲ್ಲ ಸೊಂಟನೋವು ಹೇಳ್ಲಿಕ್ಕೆ ಆಗ್ತದಾ?"

ಉತ್ತರ ಬದಲಾದರೆ ನನ್ನ ಕೆಲಸ ಹೋಗುವ ವಿಷಯವನ್ನು ನಾಚಿಕೆ ಬಿಟ್ಟು ಹೇಳಿದೆ. ಪಾಪ, ಅವರ ಮುಖ ಬಾಡಿತು. "ಅಷ್ಟೇಯಾ? ಹಾಗಾದ್ರೆ ಬರಿ. ಎಂತದೂ ಇಲ್ಲ ನನಗೆ," ಎಂದು ಲೋಟ ಎತ್ತಲು ಬಗ್ಗಿದವರು "ಅಯ್ಯಮ್ಮಾ" ಎಂದು ಅಲ್ಲೇ ಅರ್ಧಕ್ಕೆ ನಿಂತರು. ನಾನು ಹಿಡಿದು ಕೂರಿಸಬೇಕಾಯಿತು.

ಕೂರಿಸಿದ ಕೈಯಿಂದ "ಇಲ್ಲ" ಎಂದು ಬರೆಯುವುದು ಹೇಗೆ? ನನಗಂತೂ ಆಗಲಿಲ್ಲ. ಹನ್ನೆರಡಕ್ಕೂ "ಉಂಟು, ಯಾವಾಗಲೂ" ಎಂದು ಬರೆದೆ.

ವಿದ್ಯಾನಗರದ ಆಫೀಸಿನಲ್ಲಿ ಯೋಜನೆಯ ಮೇಲಧಿಕಾರಿ ಈಶ್ವರಪ್ರಸಾದ ಸರ್ ಎರಡೂ ಹಾಳೆ ಅಕ್ಕಪಕ್ಕ ಇಟ್ಟು ನೋಡಿದರು. ಕನ್ನಡಕ ತೆಗೆದು, ಒರೆಸಿ, ಪುನಃ ನೋಡಿದರು.

"ತುಳು ಫಾರಂ ಹೋಯ್ತಲ್ಲ ರಶ್ಮಿತಾ. ನೀವೂ ನಾಳೆಯಿಂದ ಬರುವುದು ಬೇಡ. ಆದರೆ ಒಂದು ಹೇಳಿ, ಗುಂಡುಕಲ್ಲಿನ ಹಾಗಿದ್ದ ಈ ಹೆಂಗಸಿಗೆ ಹದಿನೈದು ದಿನದಲ್ಲಿ ಎಂತ ಆಯ್ತು?"

"ಪರಿಚಯ ಆಯ್ತು, ಸರ್."