ಆರರ ಜಾಗದ ಕೆಂಪು

ನಾನು ಒಂದು ಕೈಗಡಿಯಾರ. ನನ್ನ ಮುಖದಲ್ಲಿ ಅಂಕಿಗಳಿಲ್ಲ. ಗಂಟೆಗೊಂದರಂತೆ ಹನ್ನೆರಡು ಕೆಂಪು ಹರಳುಗಳಿವೆಯಂತೆ. ‘ಅಂತೆ’ ಎನ್ನುವುದೇಕೆಂದರೆ, ಊರಿಗೆಲ್ಲ ಮುಖ ತೋರಿಸುವ ನಾನು ನನ್ನ ಮುಖವನ್ನು ಒಮ್ಮೆಯೂ ಕಂಡಿಲ್ಲ. ನನ್ನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಬೇರೆಯವರು ಹೇಳಿದ್ದು. ಒಬ್ಬೊಬ್ಬರು ಒಂದೊಂದು ಹೇಳಿ ನನ್ನ ತಲೆ ಕೆಡಿಸಿದ್ದಾರೆ.

ನಾನು ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಚಳಿ ದೇಶದಲ್ಲಿ. ಒಬ್ಬ ಹೆಂಗಸು ಚಿಮಟದಲ್ಲಿ ಹರಳುಗಳನ್ನು ಹಿಡಿದು ಕೂರಿಸುತ್ತ ಪಕ್ಕದವಳಿಗೆ ಏನೋ ಹೇಳಿ ನಕ್ಕಳು. ಅವಳ ಭಾಷೆ ನನಗೆ ತಿಳಿಯಲಿಲ್ಲ. ತಿಳಿದಿದ್ದರೆ ಇಷ್ಟು ವರ್ಷ ಗೊಂದಲದಲ್ಲಿ ಒದ್ದಾಡುತ್ತಿರಲಿಲ್ಲ.

ಮುಂಬಯಿಯ ಅಂಗಡಿಯಿಂದ ನಾನು ತಿಪಟೂರಿಗೆ ಬಂದೆ. ಕೊಬ್ಬರಿ ಮಂಡಿಯ ಬಸವಲಿಂಗಪ್ಪನವರಿಗೆ ಅವರ ಮಾವ ಮದುವೆಯಲ್ಲಿ ನನ್ನನ್ನು ಕೊಟ್ಟರು.

“ಹನ್ನೆರಡೂ ಅಸಲಿ ಕೆಂಪು, ಅಳಿಯಂದ್ರೆ. ಜೋಪಾನ.”

ಕೆಂಪು ಎಂದರೆ ಮಾಣಿಕ್ಯ. ನಾನು ಹಿಗ್ಗಿಹೋದೆ. ಬಸವಲಿಂಗಪ್ಪನವರೂ ಹಿಗ್ಗಿದರು. ಅವರು ಉಂಡೆ ಕೊಬ್ಬರಿಯನ್ನು ಬೆರಳಲ್ಲಿ ತಟ್ಟಿ, ಸದ್ದು ಕೇಳಿಯೇ ಒಳಗೆ ಕೆಟ್ಟಿದೆಯೋ ಇಲ್ಲವೋ ಹೇಳುತ್ತಿದ್ದರು. ಆ ಲೆಕ್ಕ ತಪ್ಪಿದ್ದೇ ಇಲ್ಲ. ಹಾಗಾಗಿ ಕೊಬ್ಬರಿಯೇನು, ಕಲ್ಲೇನು, ಮನುಷ್ಯನೇನು, ಎಲ್ಲದರ ಒಳಗೂ ತಮಗೆ ಗೊತ್ತಾಗುತ್ತದೆ ಎಂದು ನಂಬಿದ್ದರು.

ಒಂದು ದಿನ ಅವರು ಕೈ ತೊಳೆಯುವಾಗ ನನ್ನೊಳಗೆ ನೀರು ಹೋಗಿ ನಾನು ನಿಂತುಬಿಟ್ಟೆ. ವಾಚು ರಿಪೇರಿಯ ಈರಾಚಾರ್ರ ಬಳಿಗೆ ನನ್ನನ್ನು ಒಯ್ದರು. ಈರಾಚಾರ್ರ ಅಂಗಡಿ ಅವರ ಮನೆಯ ಜಗುಲಿಯೇ. ಗಿರಾಕಿ ಯಾರೇ ಬರಲಿ, ಅವರದ್ದು ಒಂದೇ ಮಾತು: “ಎರಡು ದಿನ ಬಿಟ್ಟು ಬನ್ನಿ.”

ಅವರು ನನ್ನ ಮುಖವನ್ನು ಕುಂಚದಿಂದ ಒರೆಸುವಾಗ ಆರರ ಜಾಗದಲ್ಲಿ ಏನೋ ಚಿಮ್ಮಿದಂತಾಯಿತು. ಹರಳು ಹಾರಿಹೋಗಿತ್ತು. ಗಂಡ ಹೆಂಡತಿ ಇಬ್ಬರೂ ಒದ್ದೆ ಬಟ್ಟೆ ಹಿಡಿದು ಜಗುಲಿಯ ನೆಲವನ್ನು ಅಂಗೈಯಗಲವೂ ಬಿಡದೆ ತಡವಿದರು. ಸಿಗಲಿಲ್ಲ.

“ಒಂದು ಗಾಜು ಕೂರ್ಸಿ ಕೊಡಿ. ಯಾರಿಗೆ ಗೊತ್ತಾಗುತ್ತೆ?” ಎಂದರು ಹೆಂಡತಿ ಕಾಳಮ್ಮ.

“ಹನ್ನೊಂದು ಕೆಂಪಿನ ಪಕ್ಕ ಗಾಜು ಕೂರ್ಸೋದಾ? ನನ್ನ ಕೈಲಾಗಲ್ಲ ಕಣೆ.”

ಕಾಳಮ್ಮ ತವರಿನವರು ಕೊಟ್ಟ ಏಳು ಕೆಂಪಿನ ಮೂಗುತಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಈರಾಚಾರ್ರು ಅದರಿಂದ ಒಂದು ಹರಳು ತೆಗೆದು, ಇಡೀ ದಿನ ಕೂತು ಅಂಚು ಸವೆಸಿ ನನಗೆ ಕೂರಿಸಿದರು. ಮೂಗುತಿಯ ಖಾಲಿ ಜಾಗಕ್ಕೆ ಅರಗು ತುಂಬಿದರು.

ಮರುವಾರ ಮಂಡಿಯಲ್ಲಿ ಬಿಸಿಲಿಗೆ ಕೈಯೊಡ್ಡಿದಾಗ ಯಾರೋ ಅಂದರು: “ಆರರದ್ದು ಬೇರೆ ಥರ ಐತಲ್ಲ?” ಬಸವಲಿಂಗಪ್ಪನವರು ನೋಡಿದರು. ಹನ್ನೊಂದು ಫಳಫಳ ಹೊಳೆಯುತ್ತಿದ್ದವಂತೆ, ಒಂದು ಮಾತ್ರ ಮಂಕಂತೆ. ನಾಲ್ಕು ಜನರನ್ನು ಕಟ್ಟಿಕೊಂಡು ನೇರ ಜಗುಲಿಗೆ ಬಂದರು.

“ಏನ್ ಆಚಾರ್ರೆ, ನಮ್ಮ ಮಾವ ಕೊಟ್ಟ ಕೆಂಪು ಕಿತ್ಕೊಂಡು ಗಾಜು ಇಟ್ಟಿದೀರಾ?”

“ಅದು ಬಿದ್ದು ಕಳೆದೋಯ್ತು ಯಜಮಾನ್ರೆ, ಹೇಳದೆ ಇದ್ದಿದ್ದು ನನ್ನ ತಪ್ಪು. ಆದ್ರೆ ಕೆಂಪೇ ಕೂರ್ಸಿದೀನಿ.”

“ಎಲ್ಲಿಂದ ತಂದ್ರಿ? ಹೇಳಿ ನೋಡೋಣ!”

ಮುತ್ತೈದೆ ಹೆಂಡತಿಯ ಮೂಗುತಿ ಮುರಿದೆ ಎಂದು ನಾಲ್ಕು ಜನರ ಮುಂದೆ ಹೇಳಲು ಈರಾಚಾರ್ರಿಗೆ ಬಾಯಿ ಬರಲಿಲ್ಲ. ತಲೆ ತಗ್ಗಿಸಿದರು. ಬಾಗಿಲಲ್ಲೇ ಕಾಳಮ್ಮ ನಿಂತಿದ್ದರು. ಆದರೆ ಪರರ ಹೆಂಡತಿಯ ಮೂಗು ನೋಡುವ ಅಭ್ಯಾಸ ಬಸವಲಿಂಗಪ್ಪನವರಿಗಿರಲಿಲ್ಲ. ನಾನು ಟಿಕ್ ಟಿಕ್ ಎಂದು ಕೂಗಿಕೊಂಡೆ. ಗಡಿಯಾರ ಏನು ಹೇಳಿದರೂ ಜನರಿಗೆ ಕೇಳುವುದು ಹೊತ್ತು ಮಾತ್ರ.

ಅಂದಿನಿಂದ ಈರಾಚಾರ್ರಿಗೆ ಕಳ್ಳ ಎಂಬ ಹೆಸರು ಬಂತು. ಆ ಜಗುಲಿಗೆ ಯಾರೂ ವಾಚು ತರಲಿಲ್ಲ. ಅವರು ಬೀಗ, ಸ್ಟೋವು ರಿಪೇರಿ ಮಾಡಿ ದಿನ ದೂಡಿದರಂತೆ. ನಾನು ಮಾತ್ರ ಬಸವಲಿಂಗಪ್ಪನವರ ಕೈಯಲ್ಲಿ ಮೆರೆದೆ. ನಾಚಿಕೆಯಾಗುತ್ತಿತ್ತು, ಆದರೆ ಕಟ್ಟಿದ ಕೈಯನ್ನು ಬಿಟ್ಟು ಓಡಿಹೋಗಲು ನನಗೇನು ಕಾಲಿದೆಯೇ?

ಮೂವತ್ತು ವರ್ಷಗಳ ಮೇಲೆ ನಾನು ತೀರಾ ನಿಂತುಹೋದೆ. ಬಸವಲಿಂಗಪ್ಪನವರು ಮೊಮ್ಮಗಳಿಗೆ ಓಲೆ ಮಾಡಿಸಲೆಂದು ನನ್ನನ್ನು ತುಮಕೂರಿನ ಚಿನ್ನದಂಗಡಿಗೆ ಒಯ್ದರು. “ಹನ್ನೊಂದು ಬಿಚ್ಚಿ. ಆರರದ್ದು ಬಿಡಿ, ಅದು ಗಾಜು,” ಎಂದರು. ಹರಳು ಪರೀಕ್ಷೆ ಮಾಡುವ ಹೆಣ್ಣುಮಗಳು ನನ್ನ ಮೇಲಿನ ಗಾಜು ತೆಗೆದು, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು.

“ಸರ್, ಉಲ್ಟಾ ಇದೆ. ಹನ್ನೊಂದೂ ಗಾಜು. ಒಳಗೆ ಗುಳ್ಳೆ ಕಾಣ್ತಿದೆ, ಹೊಳೀಲಿ ಅಂತ ಹಿಂದೆ ಬೇಗಡೆ ಕಾಗದ ಅಂಟಿಸಿದಾರೆ. ಆರರದ್ದೊಂದೇ ಕೆಂಪು.”

ಬಸವಲಿಂಗಪ್ಪನವರು ನನ್ನ ಗಾಜು ಮತ್ತೆ ಹಾಕಿಸಿ ಜೇಬಿಗಿಟ್ಟುಕೊಂಡರು. ಓಲೆಯ ಮಾತು ಮತ್ತೆ ಎತ್ತಲಿಲ್ಲ. ಬಸ್ಸಿಳಿದವರು ಮನೆಗೂ ಹೋಗದೆ ಆ ಜಗುಲಿಗೆ ಬಂದರು. ಈರಾಚಾರ್ರು ಮುದುಕರಾಗಿದ್ದರು, ಕೈ ನಡುಗುತ್ತಿತ್ತು.

“ಆಚಾರ್ರೆ, ಹನ್ನೊಂದೂ ಗಾಜಂತೆ. ನೀವು ಕೂರ್ಸಿದ್ದೊಂದೇ ಕೆಂಪಂತೆ.”

ಈರಾಚಾರ್ರು ಅವರ ಮುಖವನ್ನೇ ನೋಡಿದರು.

“ಹಂಗಾದ್ರೆ... ನಾನು ಗಾಜೇ ಕೂರ್ಸಬೋದಿತ್ತಾ ಯಜಮಾನ್ರೆ?”

ಅಷ್ಟರಲ್ಲಿ ಕಾಳಮ್ಮ ನೀರು ತಂದಿಟ್ಟು ಬಾಗಿದರು. ಬಸವಲಿಂಗಪ್ಪನವರು ಆವತ್ತು ಆ ಮೂಗುತಿಯನ್ನು ನೋಡಿದರು. ಆರು ಕೆಂಪು, ಒಂದು ಅರಗಿನ ಚುಕ್ಕೆ. ಬಸವಲಿಂಗಪ್ಪನವರು ಬಿಕ್ಕಿ ಬಿಕ್ಕಿ ಅತ್ತರು.

“ಇವತ್ತೇ ಬಿಚ್ಚಿಸಿ ವಾಪಸ್ ಕೊಡ್ತೀನಿ ತಾಯಿ.”

“ಬೇಡಿ. ಕಿತ್ರೆ ಮತ್ತೆ ಯಾರು ಅಷ್ಟು ಚೆನ್ನಾಗಿ ಕೂರ್ಸ್ತಾರೆ? ಮೊದ್ಲು ನೀರು ಕುಡೀರಿ.”

ಮರುದಿನ ಮಂಡಿಯಲ್ಲಿ ಜನ ತುಂಬಿದ್ದಾಗ ಬಸವಲಿಂಗಪ್ಪನವರು ನನ್ನನ್ನು ಎತ್ತಿ ಹಿಡಿದು ನಡೆದದ್ದೆಲ್ಲ ಹೇಳಿದರು. “ಕಳ್ಳ ಅವರಲ್ಲ. ನನ್ನ ಕಣ್ಣೇ ಕುರುಡು,” ಎಂದರು. ಅಲ್ಲಿಂದ ಎಲ್ಲರೂ ನೋಡುವಂತೆ ನಡೆದುಬಂದು ನನ್ನನ್ನು ಈರಾಚಾರ್ರ ಮುಂದಿಟ್ಟರು.

“ನಿಂತೋಗಿದೆ. ರಿಪೇರಿ ಮಾಡ್ಕೊಡಿ ಆಚಾರ್ರೆ.”

ಈರಾಚಾರ್ರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು ನನ್ನನ್ನು ಜಗುಲಿಯ ಗೋಡೆಯ ಮೊಳೆಗೆ ತಗುಲಿಹಾಕಿದರು.

ಈಗಲೂ ಅದೇ ಮೊಳೆಯಲ್ಲಿದ್ದೇನೆ. ನನ್ನ ಗೊಂದಲ ಮುಗಿದಿಲ್ಲ. ಹುಟ್ಟಿನಿಂದ ಬಂದ ಹನ್ನೊಂದೂ ಸುಳ್ಳು. ನಿಜವಾದದ್ದು ಇನ್ನೊಬ್ಬರ ಮೂಗಿನದು. ಹಾಗಾದರೆ ನಾನು ಯಾರು? ಎದುರಿಗೆ ಕಾಳಮ್ಮ ಅಕ್ಕಿ ಆರಿಸುತ್ತ ಕೂತಾಗ ನನ್ನ ಕೆಂಪು ಮೊದಲಿದ್ದ ಜಾಗದ ಆ ಅರಗಿನ ಚುಕ್ಕೆ ಕಾಣುತ್ತದೆ. ನನ್ನ ಮುಖದಲ್ಲಿ ನನಗೆ ಕಾಣಸಿಗುವುದು ಅಷ್ಟೇ.

ನನ್ನನ್ನು ಯಾರೂ ಬಿಚ್ಚಿಲ್ಲ. ಆ ನಡುಗುವ ಕೈಯಿಂದ ರಿಪೇರಿ ಆಗದೆಂದು ಇಬ್ಬರಿಗೂ ಗೊತ್ತು. ಆದರೂ ಎರಡು ದಿನಕ್ಕೊಮ್ಮೆ ಬಸವಲಿಂಗಪ್ಪನವರು ತಪ್ಪದೆ ಬಂದು ಜಗುಲಿಯಲ್ಲಿ ಕೂರುತ್ತಾರೆ. ಕಾಳಮ್ಮ ಕಾಫಿ ಕೊಡುತ್ತಾರೆ. ಅದನ್ನು ಕುಡಿದು ಏಳುವ ಮುಂಚೆ ಅವರು ನನ್ನ ಕಡೆ ನೋಡಿ ಕೇಳುತ್ತಾರೆ:

“ಆಯ್ತಾ ಆಚಾರ್ರೆ?”

“ಎರಡು ದಿನ ಬಿಟ್ಟು ಬನ್ನಿ.”