ತಿಮಿಂಗಿಲದ ಬೆನ್ನ ಮೇಲೆ ಐದು ಬೆರಳು

ಒಂದಾನೊಂದು ಶೆಡ್ಡಿನಲ್ಲಿ ಒಂದು ಉಕ್ಕಿನ ತಿಮಿಂಗಿಲವಿತ್ತು. ಎರಡು ಲಾರಿ ಉದ್ದ, ಮೈತುಂಬ ತುಕ್ಕು. ಮರಳು ಹೊಡೆದು ತುಕ್ಕು ಬಿಡಿಸಿ ತಳಬಣ್ಣದ ಪ್ರೈಮರ್ ಬಳಿದು ಕೊಡುತ್ತೇನೆಂದು ಶಿಲ್ಪಿಗೆ ಮಾತು ಕೊಟ್ಟಿದ್ದ ಹಳೆಯ ಕೆಲಸಗಾರನಿಗೆ ಅದೇ ವಾರ ಸೊಂಟ ಹಿಡಿದುಕೊಂಡಿತು. ಅಪ್ಪನ ಮಾತು ಉಳಿಸಲು ಮಗಳು ಹೆಲ್ಮೆಟ್ ತೊಟ್ಟಳು.

"ಇದೊಂದು ಕೆಲಸ ನೋಡ್ತೀನಿ," ಎಂದ ಶೆಡ್ಡಿನ ಮಾಲೀಕ. "ಕೆಟ್ಟರೆ ಅಪ್ಪ-ಮಗಳು ಇಬ್ಬರೂ ಬೇರೆ ಶೆಡ್ ಹುಡುಕ್ಕೊಳ್ಳಿ."

ಬಾಲ, ಹೊಟ್ಟೆ, ತಲೆ ಮುಗಿದು, ಕೊನೆಯ ದಿನಕ್ಕೆ ಬೆನ್ನು ಉಳಿಯಿತು. ಮರಳು ಉಗುಳುವ ಪೈಪು ಹಾವಿನಂತೆ ಕೊಸರಾಡಿದರೂ ಅವಳು ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉಕ್ಕು ಬೂದುಬಿಳುಪಾಗಿ, ಬೆತ್ತಲೆಯಾಗಿ ನಿಂತಿತು. ಗಾಳಿಯ ತೇವಕ್ಕೆ ಮತ್ತೆ ತುಕ್ಕು ಹಿಡಿಯುವ ಮೊದಲು, ಇನ್ನು ನಾಲ್ಕು ತಾಸಿನೊಳಗೆ ಪ್ರೈಮರ್ ಬೀಳಬೇಕು. ಅಲ್ಲಿಯತನಕ ಬರಿಗೈ ತಾಗಬಾರದು. ತಾಗಿದರೆ ಬೆವರಿನ ಉಪ್ಪು ಬಣ್ಣದಡಿ ಕೂತು ತುಕ್ಕೆಬ್ಬಿಸುತ್ತದೆ.

ಅವಳು ಬೆನ್ನಿನ ಧೂಳೆಲ್ಲ ಊದಿ, ಪ್ರೈಮರ್ ಕಲಸಿಕೊಂಡು ಬರುವಷ್ಟರಲ್ಲಿ ಎರಡು ತಾಸು ಕಳೆದಿತ್ತು, ಅಪ್ಪ ಕೋಲೂರಿಕೊಂಡು ಬಂದಿದ್ದ. ತಿಮಿಂಗಿಲದ ಬೆನ್ನು ಸವರುತ್ತಿದ್ದ, ಬರಿಗೈಯಲ್ಲಿ.

"ಅಪ್ಪಾ! ಸವರೋಕೆ ಅದೇನು ಹಾಲು ಕೊಡೋ ಎಮ್ಮೆನಾ?"

ಅಪ್ಪ ಕೈ ಹಿಂದಕ್ಕೆಳೆದುಕೊಂಡ. "ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಎಷ್ಟು ಚೆನ್ನಾಗಿ ಹೊಡೆದಿದೀಯಲ್ಲೇ ಅಂತ..." ಮಾಲೀಕ ಬರುವುದು ಕಂಡು ದನಿ ತಗ್ಗಿಸಿದ. "ಬಳಿದುಬಿಡು ಮಗಳೇ. ಯಾರಿಗೆ ಕಾಣುತ್ತೆ?"

ಈ ಮಾತು ಅಪ್ಪನ ಬಾಯಲ್ಲಿ! "ಇವತ್ತು ಕಾಣಲ್ಲ. ಮುಂದಿನ ವರ್ಷ ಐದು ಬೆರಳೂ ಎದ್ದು ಕೂರುತ್ತೆ, ಗೊತ್ತಲ್ಲ?" ಎಂದವಳೇ ಹೋಗಿ ಮರಳು ಹೊಡೆಯುವ ಕಂಪ್ರೆಸರ್ ಚಾಲೂ ಮಾಡಿದಳು.

"ಮತ್ಯಾಕೆ?" ಮಾಲೀಕ ಕೂಗಿದ.

"ಕೈ ತಾಗಿದೆ, ಸಾರ್. ಇನ್ನೊಂದು ಸಲ ಹೊಡೀಬೇಕು."

"ನೋಡಿದ್ಯಾ, ಹೊಸಬರ ಕೈಗೆ ಕೊಟ್ಟರೆ ಹೀಗೇ," ಎಂದು ಮಾಲೀಕ ಅಪ್ಪನತ್ತ ತಿರುಗಿದ.

ಅವಳು ಹೆಲ್ಮೆಟ್ ಬಿಗಿದಳು. ಉತ್ತರ ಕೊಡುತ್ತಾ ನಿಂತರೆ ಗಡಿಯಾರ ಕಾಯುವುದಿಲ್ಲ.

"ಹೊಸಬರದಲ್ಲ ಸ್ವಾಮಿ, ಹಳಬನದು," ಎಂದ ಅಪ್ಪ, ಅಂಗೈ ಎತ್ತಿ ತೋರಿಸುತ್ತಾ. "ಬೈಯೋದಿದ್ದರೆ ಇತ್ತ ಬನ್ನಿ. ಅವಳ ಕೆಲಸ ಕೆಡಿಸಬೇಡಿ."

ಮಾಲೀಕ ಮರಳಿನ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಮರಳು ಮತ್ತೆ ಉಕ್ಕಿಗೆ ಅಪ್ಪಳಿಸಿತು. ಗುರುತಿದ್ದಲ್ಲಿ ಮಾತ್ರವಲ್ಲ, ಅದರ ಸುತ್ತ ಒಂದು ಮೊಳ ಹೊಡೆದಳು. ಗಾಳಿ ಹಾಯಿಸಿ ಧೂಳು ಹಾರಿಸಿದಳು. ಗಡುವಿಗಿನ್ನು ಮುಕ್ಕಾಲು ಗಂಟೆ. ಸ್ಪ್ರೇ ಗನ್ ಹಿಡಿದು ಕುತ್ತಿಗೆಯಿಂದ ಶುರುಮಾಡಿ, ಕೈ ನಿಲ್ಲಿಸದೆ ಬಾಲದ ಬುಡದವರೆಗೆ ಹೋದಳು. ಬೂದುಬಿಳುಪೆಲ್ಲ ಪ್ರೈಮರಿನ ಕೆಂಗಂದು ಬಣ್ಣದಡಿ ಮುಚ್ಚಿಹೋಯಿತು. ಹತ್ತು ನಿಮಿಷ ಇನ್ನೂ ಉಳಿದಿತ್ತು.