ಬಲಗೈ, ಎಡಗೈ

“ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಆದ್ರೆ ಒಂದು ಕೈಯಂತೂ ಮೇಲಿರ್ಲೇಬೇಕು. ನಿನ್ನೆ ಮಾಡಿದ ಹಾಗೇ. ಅರ್ಥ ಆಯ್ತಾ?”

“ಆಯ್ತು ಟೀಚರ್” ಎಂದಿತು ಒಂಬತ್ತನೇ ತರಗತಿ, ಒಕ್ಕೊರಲಿನಿಂದ.

ಪಾಠ ನೋಡಲು ಬಂದಿದ್ದ ಪರಿವೀಕ್ಷಕರು ಇನ್ನೂ ಹೆಡ್ ಮೇಷ್ಟ್ರ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ಭಾಷಾ ಟೀಚರ್ ತಮ್ಮ ಪಾಠಯೋಜನೆಯ ಮೇಲೆ ಕೊನೆಯ ಸಲ ಕಣ್ಣಾಡಿಸಿದರು. ಪೀಠಿಕೆ, ವಾಚನ, ಪ್ರಶ್ನೋತ್ತರ ಎಲ್ಲಕ್ಕೂ ನಿಮಿಷ ಹಂಚಿಟ್ಟಿದ್ದರು. ‘ಎಲ್ಲ ಮಕ್ಕಳೂ ಪಾಲ್ಗೊಳ್ಳುವರು’ ಎಂಬ ಸಾಲಿಗೆ ಕೆಂಪು ಗೆರೆ ಬೇರೆ. ಈ ಪಾಠ ಮೆಚ್ಚುಗೆಯಾದರೆ ಉಳಿದ ಶಾಲೆಗಳ ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸ ಅವರ ಪಾಲಿಗೆ ಬರಲಿತ್ತು. ವರ್ಷಗಟ್ಟಲೆ ಸೀಮೆಸುಣ್ಣದ ಧೂಳು ಕುಡಿದವರಿಗೆ ಅಷ್ಟು ಆಸೆ ಇರಬಾರದೆಂದು ಯಾರು ತಾನೇ ಹೇಳುತ್ತಾರೆ?

ಪಾಠ ಸಲೀಸಾಗಿ ಸಾಗಿತು. ಮನೆಯ ಬಾಗಿಲನ್ನು ಎಂದೂ ಮುಚ್ಚದ ಮುದುಕಿಯೊಬ್ಬಳ ಪದ್ಯ ಅದು. ಪ್ರಶ್ನೆ ಕೇಳಿದಾಗಲೆಲ್ಲ ಕೈಗಳೆಲ್ಲ ಒಮ್ಮೆಲೇ ಮೇಲೇಳುತ್ತಿದ್ದವು. ಹಿಂದೆ ಗೋಡೆಗೊರಗಿ ಕೂತಿದ್ದ ಪರಿವೀಕ್ಷಕರಿಗೆ ಎಡ ಯಾವುದು, ಬಲ ಯಾವುದು ಎಂಬ ಗೊಡವೆ ಇರಲಿಲ್ಲ.

“ಮುದುಕಿ ಬಾಗಿಲು ಯಾಕೆ ಮುಚ್ಚೋದಿಲ್ಲ?”

ಕಿಟಕಿ ಪಕ್ಕದ ಬೆಂಚಿನಿಂದ ಪಿಸುವಿನ ಬಲಗೈ ಎದ್ದಿತು. ಮಾತಾಡಿದರೆ ಪಕ್ಕದವಳಿಗೂ ಕೇಳಿಸದು, ಅದಕ್ಕೇ ಗೆಳತಿಯರು ಇಟ್ಟ ಹೆಸರು ಪಿಸು. ಟೀಚರ್ ಪುಸಲಾಯಿಸಿ, ಗದರಿಸಿ, ಕೊನೆಗೆ ಕೈಚೆಲ್ಲಿದ್ದರು. ಹಿಂದಿನ ದಿನದ ತಾಲೀಮಿನಲ್ಲೂ ಅವಳದು ಎಡಗೈಯೇ. ಈಗ ಬಲಗೈ ಎತ್ತಿ, ಮೊಣಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಟೀಚರನ್ನೇ ನೋಡುತ್ತಿದ್ದಳು.

ಟೀಚರ್ ನೋಡಿದರು. ನೋಡಲಿಲ್ಲ ಎಂದು ಆಮೇಲೆ ತಮಗೆ ತಾವೇ ಹೇಳಿಕೊಳ್ಳಲು ಹೆಣಗಿದರೂ ಪ್ರಯೋಜನವಾಗಲಿಲ್ಲ. ಕಣ್ಣಿಗೆ ಕಣ್ಣು ಕೂಡಿತ್ತು. ಇವಳು ಎದ್ದು, ತಡವರಿಸಿ, ಅರ್ಧದಲ್ಲೇ ನಿಂತುಬಿಟ್ಟರೆ? ಯೋಜನೆಯಲ್ಲಿ ಆ ಪ್ರಶ್ನೆಗೆ ಇದ್ದದ್ದು ಎರಡೇ ನಿಮಿಷ.

“ನೀನು ಹೇಳಪ್ಪಾ” ಎಂದು ಮುಂದಿನ ಬೆಂಚಿನಲ್ಲಿದ್ದ, ಎಲ್ಲರೂ ರೇಡಿಯೋ ಎಂದು ಕರೆಯುವವನ ಕಡೆ ಕೈ ತೋರಿದರು. ಗುಂಡಿ ಒತ್ತುವುದೇ ತಡ, ಶುರುವಾಗುವ ಹುಡುಗ. ಹೇಳಿಕೊಟ್ಟ ಉತ್ತರವನ್ನು ಉಸಿರುಬಿಡದೆ ಒಪ್ಪಿಸಿ ಕೂತ.

“ಒಂದು ನಿಮಿಷಾನೂ ಆಚೀಚೆ ಆಗ್ಲಿಲ್ವಲ್ರೀ!” ಎಂದರು ಪರಿವೀಕ್ಷಕರು, ಪಾಠ ಮುಗಿದ ಮೇಲೆ. “ಒಂದು ಮಗೂನೂ ಕೈ ಕಟ್ಟಿ ಕೂತಿರ್ಲಿಲ್ಲ. ತರಬೇತಿಗೆ ನಿಮ್ಮ ಹೆಸರೇ ಬರೀತೀನಿ.” ಹೆಡ್ ಮೇಷ್ಟ್ರ ಮುಖ ಊರಗಲವಾಯಿತು.

ಸಂಜೆ ಗಂಡ ಕೇಳಿದರು: “ಗೆದ್ದು ಬಂದವಳ ಮುಖಾನೇನೇ ಇದು?”

“ಒಂದು ಹುಡುಗಿ ಕೈ ಎತ್ತಿದ್ಳು. ನಾನು ಬೇಕಂತ್ಲೇ ಕೇಳ್ಲಿಲ್ಲ.”

“ನಾಳೆ ಕೇಳಿದ್ರಾಯ್ತು ಬಿಡೇ. ಎಲ್ಲಿ ಓಡಿಹೋಗ್ತಾಳೆ?”

ಮಾತೇನೋ ಸರಿಯಾಗಿಯೇ ಇತ್ತು. ಆದರೆ ತಿಳಿಯದೆ ಮಾಡಿದ ತಪ್ಪಾಗಿದ್ದರೆ ಹೇಗೋ ನಿದ್ದೆಯಾದರೂ ಬರುತ್ತಿತ್ತು.

ಮರುದಿನ ಯೋಜನೆಯ ಹಾಳೆಗಳನ್ನು ಮೇಜಿನ ಮೇಲೆಯೇ ಬಿಟ್ಟು ತರಗತಿಗೆ ಹೋದರು. ಅದೇ ಪ್ರಶ್ನೆ ಕೇಳಿದರು. ಅಭ್ಯಾಸಬಲದಿಂದ ಎಲ್ಲ ಕೈಗಳೂ ಎದ್ದವು. ಟೀಚರ್ ನೇರ ಕಿಟಕಿಯ ಬಳಿ ನಡೆದರು.

“ನೀನು ಹೇಳು ಪುಟ್ಟಾ.”

ಪಿಸು ಎದ್ದು ನಿಂತಳು. “ಟೀಚರ್, ನಾನು ಎತ್ತಿರೋದು ಎಡಗೈ.”

ಅವಳ ದನಿ ಇಡೀ ತರಗತಿಗೆ ಕೇಳಿಸಿದ್ದು ಅದೇ ಮೊದಲು.

“ನಿನ್ನೆ ಬಲಗೈ ಎತ್ತಿದ್ಯಲ್ಲಮ್ಮಾ?”

“ನಿನ್ನೆ ಗೊತ್ತಿತ್ತು ಟೀಚರ್.”

ಟೀಚರ್ ಅವಳ ಬೆಂಚಿನ ತುದಿಯಲ್ಲಿ ಕೂತರು. “ನಾನು ಕಾಯ್ತೀನಿ” ಎಂದರು. ಆ ಮಾತು ಪಕ್ಕದವರಿಗೂ ಕೇಳಿಸಲಿಲ್ಲ. ಗಂಟೆ ಹೊಡೆಯಿತು. ಮಕ್ಕಳು ಚೀಲ ಹೆಗಲಿಗೇರಿಸಿ ಒಬ್ಬೊಬ್ಬರಾಗಿ ಹೊರಟರು. ಪಿಸುವಿನ ಎಡಗೈ ಇನ್ನೂ ಮೇಲೆಯೇ ಇತ್ತು.